ಎಳೆಯೊಳಗಿನ ಎಳೆ

'ಎಳೆ' ಎಂಬ ಮಾತು ಕನ್ನಡದಲ್ಲಿ ಕ್ರಿಯೆಯೂ ಹೌದು, ವಸ್ತುವೂ ಹೌದು. ಎಳೆದುದರಿಂದಲೇ ಎಳೆ ಹುಟ್ಟಿತೆಂಬುದನ್ನು ನಿಘಂಟುಕಾರರು ಒಪ್ಪಲಿ, ಬಿಡಲಿ. ಹಂಜಿಯಿಂದ ನೂಲು ತೆಗೆಯುವ ಕೈ ಅದನ್ನು ಬಲ್ಲುದು. ವಿಜ್ಞಾನ ಓದುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು, ತಮ್ಮ ಶಾಸ್ತ್ರದ ಹೊಸ ಸಂಗತಿಗಳಿಗೆ ಕನ್ನಡ ಸಾಲದೆಂದು ವಾದಿಸುವುದುಂಟು. ಈ ಒಂದು ಮಾತನ್ನೇ ಹಿಡಿದು, ಪಾಲಿಮರ್ ನೂಲಿನ ಒಡಲಲ್ಲಿ ಅರೆವಾಹಕದ ಅತಿಸೂಕ್ಷ್ಮ ತಂತಿಗಳನ್ನು ಮಾಡುವ ವಿದ್ಯೆಯನ್ನು ವಾಚಕರ ಮುಂದಿಡಬೇಕೆಂದು ನನ್ನ ಆಸೆ.

ಲೋಹದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ ನಡುವೆ ನಿಲ್ಲುವ ವಸ್ತು ಅರೆವಾಹಕ. ಕೆಲವು ಅರೆವಾಹಕಗಳ ಮೇಲೆ ಬೆಳಕು ಬಿದ್ದೊಡನೆ ಅವುಗಳ ವಾಹಕತೆ ಹೆಚ್ಚುತ್ತದೆ. ಇವುಗಳಿಂದ ನ್ಯಾನೊಮೀಟರುಗಳ ಲೆಕ್ಕದ, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನಿಂದ ಅಳೆಯತಕ್ಕ, ತಂತಿಗಳನ್ನು ರಸಾಯನಕ್ರಿಯೆಯಿಂದ ಬೆಳೆಸುವುದು ಹೊಸದೇನಲ್ಲ. ಆದರೆ ಹಾಗೆ ಬೆಳೆದ ತಂತಿಗಳನ್ನು ಸಾಲಾಗಿ ಜೋಡಿಸಿ, ನಮ್ಮ ಕೈಗೆಟುಕುವ ಯಂತ್ರಕ್ಕೆ ಸೇರಿಸುವುದು ಬಹು ಪ್ರಯಾಸದ ಕೆಲಸ. ಕಣದಲ್ಲಿ ಚೆಲ್ಲಿದ ಹುಲ್ಲನ್ನು ಕಡ್ಡಿ ಕಡ್ಡಿಯಾಗಿ ಆಯ್ದು ಒಂದೇ ದಿಕ್ಕಿಗೆ ಇಟ್ಟಂತೆ.

ತುರ್ಕಿಯ ಅಂಕಾರಾ ನಗರದ ಬಿಲ್ಕೆಂಟ್ ವಿಶ್ವವಿದ್ಯಾನಿಲಯದಲ್ಲಿ ಮೆಹ್ಮೆತ್ ಬಾಯಿಂದಿರ್ ಮತ್ತು ಅವರ ಸಂಗಡಿಗರು 2011ರಲ್ಲಿ ಬೇರೊಂದು ದಾರಿಯನ್ನು ಪ್ರಕಟಿಸಿದರು. ಅವರು ಸಣ್ಣದನ್ನು ಸಣ್ಣದಾಗಿಯೇ ಕೆತ್ತಲು ಹೋಗಲಿಲ್ಲ. ಆರ್ಸೆನಿಕ್ ಮತ್ತು ಸೆಲೆನಿಯಮ್ ಕೂಡಿದ ಗಾಜಿನಂಥ ಅರೆವಾಹಕವನ್ನು ತಿರುಳಾಗಿಟ್ಟು, ಪಾಲಿಮರನ್ನು ಹೊದಿಸಿ, ಬೆರಳಿನಷ್ಟು ದಪ್ಪದ ದಂಡವೊಂದನ್ನು ಮಾಡಿದರು. ಅದನ್ನು ಕುಲುಮೆಯಲ್ಲಿ ಮೆತ್ತಗಾಗಿಸಿ ಕೆಳಕ್ಕೆ ಎಳೆದರು. ಬಂದ ಎಳೆಗಳನ್ನು ತುಂಡರಿಸಿ, ಕಟ್ಟಾಗಿ ಕಟ್ಟಿ, ಮತ್ತೆ ಪಾಲಿಮರಿನ ಹೊದಿಕೆಯೊಳಗಿಟ್ಟು ಮತ್ತೆ ಎಳೆದರು. ಮಗುದೊಮ್ಮೆ ಹಾಗೆಯೇ ಮಾಡಿದರು. ದಪ್ಪ ನೂರನೆಯ ಒಂದು ಪಾಲಿಗೆ ಇಳಿದರೆ ಉದ್ದ ಹತ್ತು ಸಾವಿರ ಪಟ್ಟು ಬೆಳೆಯುತ್ತದೆ. ಒಂದಡಿಯ ದಂಡ ಸುಮಾರು 3 ಕಿಲೋಮೀಟರಿನ ನೂಲಾಗುತ್ತದೆ. ಕೊನೆಗೆ 10 ಮಿಲಿಮೀಟರ್ ದಪ್ಪದ ದಂಡದಿಂದ 20 ನ್ಯಾನೊಮೀಟರಿಗೂ ಸಣ್ಣನೆಯ ನೂರಾರು ತಂತಿಗಳು, ಒಂದೇ ನೂಲಿನೊಳಗೆ, ಒಂದೇ ದಿಕ್ಕಿಗೆ ಮಲಗಿ ಬಂದವು. ನಮ್ಮ ತಲೆಗೂದಲು ಅದರ ಸಾವಿರಾರು ಪಟ್ಟು ದಪ್ಪ. ಬೇಕೆನಿಸಿದಾಗ ಹೊದಿಕೆಯನ್ನು ದ್ರಾವಕದಲ್ಲಿ ಕರಗಿಸಿ ತಂತಿಗಳನ್ನು ಹೊರತೆಗೆಯಬಹುದು.

ಜಾತ್ರೆಯಲ್ಲಿ ಬೊಂಬಾಯಿ ಮಿಠಾಯಿ ಮಾರುವವನು ಪಾಕವನ್ನು ಎಷ್ಟು ಎಳೆದರೂ ಅದರ ಬಣ್ಣದ ಪಟ್ಟೆಗಳು ತಮ್ಮ ಸ್ಥಾನ ಬಿಡುವುದಿಲ್ಲ. ಇಲ್ಲಿಯೂ ಅಷ್ಟೆ, ದಂಡದಲ್ಲಿದ್ದ ವಿನ್ಯಾಸವೇ ಕಿರಿದಾಗಿ ನೂಲಿನಲ್ಲಿ ಉಳಿಯುತ್ತದೆ.

ಆದರೆ ಇದು ಹೇಳಿದಷ್ಟು ಸುಲಭವಲ್ಲ. ನಲ್ಲಿಯಿಂದ ಬೀಳುವ ನೀರಿನ ಸಣ್ಣ ಧಾರೆಯನ್ನು ನೋಡಿ: ಸ್ವಲ್ಪ ದೂರ ಇಳಿದೊಡನೆ ಅದು ಹನಿಹನಿಯಾಗಿ ಒಡೆಯುತ್ತದೆ. ಕಣ್ಣಿನ ಬೆಳಕನ್ನು ಕಳೆದುಕೊಂಡಿದ್ದ ಬೆಲ್ಜಿಯಮ್ಮಿನ ಪ್ಲಾಟೊ 1873ರ ತಮ್ಮ ಗ್ರಂಥದಲ್ಲಿ ಇದನ್ನು ವಿವೇಚಿಸಿದರು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ರೇಲಿ ಇದರ ಗಣಿತವನ್ನು ಕೊಟ್ಟರು. ದ್ರವದ ಮೇಲ್ಮೈ ಸೆಳೆತವೇ ಧಾರೆಯನ್ನು ಮುರಿಯುತ್ತದೆ. ಧಾರೆ ಸಣ್ಣದಾದಷ್ಟೂ ಮುರಿಯುವ ಆತುರ ಹೆಚ್ಚು. ಹಾಗಾದರೆ ಕರಗಿದ ಅರೆವಾಹಕದ ಎಳೆ ಏಕೆ ಉಳಿಯಿತು? ಸುತ್ತಲಿನ ಪಾಲಿಮರ್ ಜೇನಿಗಿಂತಲೂ ಮಂದವಾಗಿ ಹರಿಯತಕ್ಕದ್ದು. ಒಡೆಯಬೇಕೆಂದರೂ ಅದು ಒಳಗಿನ ಎಳೆಗೆ ಎಡೆ ಕೊಡದು. ಅಷ್ಟರಲ್ಲಿ ನೂಲು ಕುಲುಮೆಯನ್ನು ದಾಟಿ ತಣಿದಿರುತ್ತದೆ.

ಇದಕ್ಕೊಂದು ನಿಯಮವುಂಟು: ತಿರುಳೂ ಹೊದಿಕೆಯೂ ಒಂದೇ ಶಾಖದಲ್ಲಿ ಹರಿಯುವಂತಿರಬೇಕು. ಸಿಲಿಕಾನ್ ಕರಗಲು 1414 ಡಿಗ್ರಿ ಸೆಲ್ಸಿಯಸ್ ಬೇಕು. ಆ ಬೇಗೆಯಲ್ಲಿ ಯಾವ ಪಾಲಿಮರೂ ಬದುಕದು. ಆದ್ದರಿಂದ ಸಿಲಿಕಾನಿನ ತಿರುಳಿಗೆ ಸಿಲಿಕಾ ಗಾಜಿನ ಹೊದಿಕೆಯೇ ಜೊತೆ.

ಮುರಿಯುವ ಆ ಗುಣವೂ ವ್ಯರ್ಥವಾಗಲಿಲ್ಲ. ಅಮೆರಿಕದ ವಿಜ್ಞಾನಿಗಳು 2012ರಲ್ಲಿ ಸಿದ್ಧವಾದ ನೂಲನ್ನು ಮತ್ತೆ ಕಾಯಿಸಿ, ಒಳಗಿನ ಎಳೆ ಬೇಕೆಂದೇ ಒಡೆಯುವಂತೆ ಮಾಡಿ, ಒಂದೇ ಅಳತೆಯ ಗೋಲಿಗಳ ಸಾಲನ್ನು ಪಡೆದರು. ಎಂ.ಐ.ಟಿ.ಯ ಯೋಯೆಲ್ ಫಿಂಕ್ ಅವರ ತಂಡದವರು 2018ರಲ್ಲಿ, ಸಿದ್ಧ ಡಯೋಡುಗಳನ್ನೇ ದಂಡದಲ್ಲಿ ಹುದುಗಿಸಿ, ಜೊತೆಗೆ ಲೋಹದ ತಂತಿಗಳನ್ನೂ ಸೇರಿಸಿ ನೂಲೆಳೆದು, ಆ ನೂಲಿನಿಂದ ಬಟ್ಟೆ ನೇಯಿಸಿದರು. ಬೆಳಕನ್ನು ಬೀರುವ, ಬೆಳಕನ್ನು ಅರಿಯುವ ಆ ಬಟ್ಟೆ ಯಂತ್ರದಲ್ಲಿ 10 ಸಲ ಒಗೆದರೂ ಕೆಡಲಿಲ್ಲ.

ಈ ವಿದ್ಯೆಯಲ್ಲಿ ನನ್ನನ್ನು ಸೆಳೆದುದು ತಂತಿಯ ಸಣ್ಣತನಕ್ಕಿಂತ ಹೊದಿಕೆಯ ಸಹವಾಸ. ಒಂಟಿಯಾಗಿ ಎಳೆದಿದ್ದರೆ ಆ ಎಳೆ ಹನಿಯಾಗಿ ಚೆದರುತ್ತಿತ್ತು. ಸಮಾನ ಶಾಖದಲ್ಲಿ ಜೊತೆಗೆ ಹರಿದ ಇನ್ನೊಂದು ವಸ್ತು ಅದನ್ನು ಕಾಯಿತು. ಭಾಷೆಗೆ ಬರುವ ಹೊಸ ಮಾತಿನ ಪಾಡೂ ಇದೇ ಎಂದು ತೋರುತ್ತದೆ. 'ಪಾಲಿಮರ್', 'ನ್ಯಾನೊಮೀಟರ್' ಎಂಬ ಪರದೇಶದ ಪದಗಳು ಮೇಲಿನ ವಾಕ್ಯಗಳಲ್ಲಿ ಬಂದಿವೆ. ಅವು ನಿಲ್ಲುವುದೂ ಚೆದರುವುದೂ ಸುತ್ತಲಿನ ಹಂಜಿ, ನೂಲು, ಕುಲುಮೆ, ಹೊದಿಕೆಗಳನ್ನು ಅವಲಂಬಿಸಿದೆ. ಕನ್ನಡ ಸಾಲದೆನ್ನುವ ವಿದ್ಯಾರ್ಥಿಮಿತ್ರರು ಮೊದಲು ಈ ಹಳೆಯ ಮಾತುಗಳನ್ನು ಕಾಯಿಸಿ ನೋಡಲಿ. ಎಳೆ ಎಷ್ಟು ದೂರ ಬರುವುದೆಂಬುದು ಎಳೆದ ಮೇಲಲ್ಲವೆ ತಿಳಿಯುವುದು?