ಪಹಣಿಯ ಹಿಂದಿನ ಪಟ್ಟಿಗಳು

ಮಕ್ಕಳೇ, ನಿಮ್ಮ ಮನೆಯಲ್ಲಿ ಜಮೀನಿನ ಪಹಣಿ ಇದ್ದರೆ ಹಿರಿಯರನ್ನು ಕೇಳಿ ನೋಡಿ. ಸರ್ವೆ ನಂಬರ್, ಎಕರೆ-ಗುಂಟೆ, ಹಕ್ಕುದಾರರ ಹೆಸರು, ಬೆಳೆ ಮುಂತಾದ ವಿವರಗಳು ಅದರಲ್ಲಿರುತ್ತವೆ. ಬೆಳೆಸಾಲ ಪಡೆಯಲು ಪಹಣಿ ಬೇಕು. ಅದರಲ್ಲಿ ಒಂದು ಹೆಸರು ತಪ್ಪಾದರೂ ರೈತರು ಕಚೇರಿಗೆ ಅಲೆಯಬೇಕಾಗುತ್ತದೆ.

ಹಿಂದೆ ಗ್ರಾಮಲೆಕ್ಕಿಗರು ಪಹಣಿಯನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. 2000ದ ದಶಕದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಇಷ್ಟೊಂದು ಮಾಹಿತಿಯನ್ನು ಗೊಂದಲವಿಲ್ಲದೆ ಇಡುವುದು ಹೇಗೆ?

1970ರಲ್ಲಿ ಐಬಿಎಂ ಸಂಸ್ಥೆಯ ವಿಜ್ಞಾನಿ ಎಡ್ಗರ್ ಕಾಡ್ ಒಂದು ಉಪಾಯ ಸೂಚಿಸಿದರು: ಮಾಹಿತಿಯನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಇಡಬೇಕು. ಗಣಿತದಲ್ಲಿ ಇಂತಹ ಪಟ್ಟಿಗೆ ‘ರಿಲೇಷನ್’ ಎಂಬ ಹೆಸರಿದೆ. ಆದ್ದರಿಂದ ಇದನ್ನು ‘ರಿಲೇಷನಲ್ ಡೇಟಾಬೇಸ್’ ಎನ್ನುತ್ತಾರೆ.

ಹಾಸನ ತಾಲ್ಲೂಕಿನ ಕೊರವಂಗಲದಂತಹ ಒಂದು ಊರನ್ನು ತೆಗೆದುಕೊಳ್ಳೋಣ. ಕೆಳಗಿನ ಹೆಸರು, ಸಂಖ್ಯೆಗಳು ಕಾಲ್ಪನಿಕ.

ಪಟ್ಟಿ 1: ಹಕ್ಕುದಾರರು
ಖಾತೆ 41 – ರಂಗೇಗೌಡ, ತಂದೆ ಕಾಳೇಗೌಡ
ಖಾತೆ 58 – ರಂಗೇಗೌಡ, ತಂದೆ ಜವರೇಗೌಡ

ಪಟ್ಟಿ 2: ಜಮೀನು
ಸರ್ವೆ ನಂ. 12 – 2 ಎಕರೆ 10 ಗುಂಟೆ – ಖಾತೆ 41
ಸರ್ವೆ ನಂ. 30 – 1 ಎಕರೆ 5 ಗುಂಟೆ – ಖಾತೆ 58
ಸರ್ವೆ ನಂ. 47 – 0 ಎಕರೆ 20 ಗುಂಟೆ – ಖಾತೆ 41

ಎರಡನೆಯ ಪಟ್ಟಿಯಲ್ಲಿ ಹೆಸರೇ ಇಲ್ಲ, ಗಮನಿಸಿದಿರಾ? ಖಾತೆ ಸಂಖ್ಯೆ ಎರಡೂ ಪಟ್ಟಿಗಳನ್ನು ಜೋಡಿಸುತ್ತದೆ. ಹೆಸರಿನಲ್ಲಿ ಅಕ್ಷರ ತಪ್ಪಿದ್ದರೆ ಪಟ್ಟಿ 1ರಲ್ಲಿ ಒಮ್ಮೆ ತಿದ್ದಿದರೆ ಸಾಕು, ಅವರ ಎಲ್ಲ ಜಮೀನಿಗೂ ಸರಿಯಾದ ಹೆಸರೇ ಬರುತ್ತದೆ.

ಈಗ ಕೆಲವು ತೊಂದರೆಗಳನ್ನು ನೋಡೋಣ.

ಒಂದೇ ಹೆಸರಿನ ಇಬ್ಬರಿದ್ದರೆ?
ಹೆಸರು ಒಂದೇ ಆದರೂ ಖಾತೆ ಸಂಖ್ಯೆ ಬೇರೆ. ಒಂದೇ ಸಂಖ್ಯೆಯನ್ನು ಇಬ್ಬರಿಗೆ ಕೊಡಲು ಹೋದರೆ ಡೇಟಾಬೇಸ್ ಒಪ್ಪುವುದಿಲ್ಲ.

ಅರ್ಧದಲ್ಲಿ ಕರೆಂಟ್ ಹೋದರೆ?
ಖಾತೆ 41ರವರು ಸರ್ವೆ ನಂಬರ್ 12ರಲ್ಲಿ 20 ಗುಂಟೆಯನ್ನು ಖಾತೆ 58ರವರಿಗೆ ಮಾರಿದರು ಎನ್ನೋಣ. ಆಗ ಎರಡು ಕೆಲಸವಾಗಬೇಕು. ಮೊದಲು 2 ಎಕರೆ 10 ಗುಂಟೆಯನ್ನು 1 ಎಕರೆ 30 ಗುಂಟೆಗೆ ಇಳಿಸಬೇಕು. ನಂತರ ಖಾತೆ 58ಕ್ಕೆ 20 ಗುಂಟೆಯ ಹೊಸ ಸಾಲು ಸೇರಿಸಬೇಕು. ಮೊದಲ ಕೆಲಸ ಮುಗಿದೊಡನೆ ಕರೆಂಟ್ ಹೋದರೆ? ಆ 20 ಗುಂಟೆ ಯಾರದ್ದೂ ಅಲ್ಲದಂತಾಗುತ್ತದೆ! ಹೀಗಾಗದಂತೆ ಡೇಟಾಬೇಸ್ ಎರಡನ್ನೂ ಒಂದೇ ‘ವಹಿವಾಟು’ ಎಂದು ಪರಿಗಣಿಸುತ್ತದೆ. ಆದರೆ ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಮಾಡುವ ಬದಲಾವಣೆಯನ್ನು ಅದು ಮೊದಲೇ ಪ್ರತ್ಯೇಕವಾಗಿ ಗುರುತು ಹಾಕಿಕೊಂಡಿರುತ್ತದೆ. ಕರೆಂಟ್ ಬಂದಾಗ ಆ ಗುರುತನ್ನು ಓದಿ, ಅರ್ಧ ಉಳಿದ ಕೆಲಸವನ್ನು ರದ್ದು ಮಾಡಿ ಹಿಂದಿನ ಸ್ಥಿತಿಗೆ ತರುತ್ತದೆ.

ಒಂದೇ ಸಾಲನ್ನು ಇಬ್ಬರು ಒಮ್ಮೆಲೇ ತಿದ್ದಿದರೆ?
ಮೊದಲು ಬಂದವರ ಕೆಲಸ ಮುಗಿಯುವವರೆಗೆ ಆ ಸಾಲಿಗೆ ಬೀಗ. ಎರಡನೆಯವರು ಕಾಯಬೇಕು.

ತಪ್ಪು ತುಂಬಿದರೆ?
40 ಗುಂಟೆಗೆ 1 ಎಕರೆ. ಆದ್ದರಿಂದ ‘2 ಎಕರೆ 45 ಗುಂಟೆ’ ಎಂದು ತುಂಬಿದರೆ ತಿರಸ್ಕರಿಸುವಂತೆ ನಿಯಮ ಹಾಕಬಹುದು. ಪಟ್ಟಿ 1ರಲ್ಲಿ ಇಲ್ಲದ ಖಾತೆ ಸಂಖ್ಯೆಯನ್ನೂ ತಡೆಯಬಹುದು. ಆದರೆ 41ರ ಬದಲು 58 ಎಂದು ಒತ್ತಿದರೆ? ಎರಡೂ ಇರುವ ಸಂಖ್ಯೆಗಳೇ! ಕಂಪ್ಯೂಟರಿಗೆ ಗದ್ದೆಯೂ ಗೊತ್ತಿಲ್ಲ, ಗೌಡರೂ ಗೊತ್ತಿಲ್ಲ. ತುಂಬಿದ್ದು ನಿಜವೇ ಎಂದು ಮನುಷ್ಯರೇ ನೋಡಬೇಕು. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡು ಮಾಡಿದ್ದು ಇದಕ್ಕಾಗಿಯೇ. ಯಾರು ತಿದ್ದಿದರೆಂದು ತಿಳಿಯಬೇಕಲ್ಲವೇ?

ಮಾಡಿ ನೋಡಿ
ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಮೂರು ಪಟ್ಟಿ ತಯಾರಿಸಿ: ಮಕ್ಕಳು, ಪುಸ್ತಕಗಳು, ಎರವಲು. ಮೂರನೆಯದರಲ್ಲಿ ಸಂಖ್ಯೆ ಮತ್ತು ದಿನಾಂಕ ಮಾತ್ರ ಇರಲಿ. ಯಾವ ಪುಸ್ತಕ ಯಾರ ಬಳಿ ಇದೆ ಎಂದು ಹೇಳಬಲ್ಲಿರಾ? ಪುಸ್ತಕ ಎರವಲಿನಲ್ಲಿರುವಾಗ ಅದರ ಹೆಸರನ್ನು ಎರಡನೆಯ ಪಟ್ಟಿಯಿಂದ ಅಳಿಸಿದರೆ ಏನಾಗುತ್ತದೆ? ಚರ್ಚಿಸಿ.