ಧಾರೆ ಸಣ್ಣಗಾದರೆ ಪೈಪೂ ನೋಡಿ, ಪಂಪೂ ನೋಡಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿಗೆ ಹೋದರೂ ನಾಲ್ಕು ಜನ ರೈತರು ಸೇರಿದ ಕಡೆ ಒಂದೇ ಮಾತು: ಬೋರು ಎಷ್ಟು ಅಡಿ ಹೋಯ್ತು, ಎಷ್ಟು ಇಂಚು ನೀರು ಬಂತು. ಎರಡು ಇಂಚು ಬರುತ್ತಿದ್ದ ನೀರು ಒಂದು ಇಂಚಿಗೆ ಇಳಿದರೆ ಅವತ್ತೇ ಮೆಕ್ಯಾನಿಕ್‌ನ ಕರೆಸ್ತೇವೆ. ಆದರೆ ನಮ್ಮ ಮೈಯಿಂದ ಹೋಗುವ ಮೂತ್ರದ ಧಾರೆ ಸಣ್ಣಗಾದರೆ ವರ್ಷಗಟ್ಟಲೆ ಬಾಯಿ ಬಿಡೋದಿಲ್ಲ. ಹೆಂಡತಿಗೂ ಹೇಳೋದಿಲ್ಲ. ‘ವಯಸ್ಸಾಯ್ತಲ್ಲ, ಇನ್ನೇನು’ ಅಂತ ಸುಮ್ಮನಾಗ್ತೇವೆ.

ನನಗೂ ಐವತ್ತು ದಾಟಿದೆ. ಇದನ್ನು ನಾಚಿಕೆ ಬಿಟ್ಟು ಬರೆಯಲು ಕಾರಣ, ಈ ತೊಂದರೆ ಬಹಳ ಜನಕ್ಕೆ ಔಷಧಿಯಲ್ಲೇ ಹತೋಟಿಗೆ ಬರ್ತದೆ. ತಡ ಮಾಡಿದಷ್ಟೂ ಕೆಡ್ತದೆ.

ಮೂರು ಕಾರಣ

ಹೊಲದ ಕೊನೆಯಲ್ಲಿ ನೀರು ಸಣ್ಣಗೆ ಬಂದರೆ ನಾವು ಮೂರು ನೋಡ್ತೇವೆ. ನೀರೇ ಕಮ್ಮಿಯೋ, ಮೋಟಾರು ಎತ್ತುತ್ತಿಲ್ಲವೋ, ಪೈಪು ಎಲ್ಲಾದರೂ ಅದುಮಿದೆಯೋ. ಮೈಯಲ್ಲೂ ಹಾಗೇ. ಕಿಡ್ನಿಯೇ ಬೋರು, ಮೂತ್ರಚೀಲವೇ ಪಂಪು, ಮೂತ್ರನಾಳವೇ ಪೈಪು.

ನೀರು ಕಮ್ಮಿ ಅನ್ನೋದು ಸುಲಭದ್ದು. ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದು ಒಂದು ಚೊಂಬು ನೀರೂ ಕುಡಿಯದಿದ್ದರೆ ಮೂತ್ರ ಹಳದಿಯಾಗಿ, ಸ್ವಲ್ಪ ಸ್ವಲ್ಪವೇ, ಉರಿ ಉರಿಯಾಗಿ ಹೋಗ್ತದೆ. ಚೆನ್ನಾಗಿ ನೀರು ಕುಡಿದ ಮೇಲೂ ಧಾರೆ ಸಣ್ಣಗೇ ಇದ್ದರೆ ಪೈಪು, ಪಂಪು ನೋಡಬೇಕು.

ಪೈಪು ಅದುಮೋದು ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚು. ಮೂತ್ರಚೀಲದ ಬಾಯಲ್ಲಿ, ನಾಳದ ಸುತ್ತ ಪ್ರೋಸ್ಟೇಟ್ ಅಂತ ಒಂದು ಗ್ರಂಥಿ ಇದೆ. ಪ್ರಾಯದಲ್ಲಿ ಬೆಟ್ಟದ ನೆಲ್ಲಿಕಾಯಿಯಷ್ಟು. ವಯಸ್ಸಾದ ಹಾಗೆ ಬೆಳೆಯುತ್ತಾ ಹೋಗ್ತದೆ. 60 ವರ್ಷದ ಹೊತ್ತಿಗೆ ಗಂಡಸರಲ್ಲಿ ಸುಮಾರು ಅರ್ಧ ಜನಕ್ಕೆ ಇದು ಬೆಳೆದಿರ್ತದೆ. ಎಲ್ಲರಿಗೂ ತೊಂದರೆ ಕೊಡೋದಿಲ್ಲ. ಕೊಟ್ಟವರಿಗೆ ಮೂತ್ರ ಶುರುವಾಗೋಕೆ ನಿಂತು ಕಾಯಬೇಕು, ನಿಂತು ನಿಂತು ಬರ್ತದೆ, ಕೊನೆಗೆ ತೊಟ್ಟಿಕ್ಕುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕು. ಇದು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆ ಗ್ರಂಥಿಗೂ ಬರಬಹುದು, ಅದಕ್ಕೇ ಪರೀಕ್ಷೆ ಬೇಕು.

ಪ್ರಾಯದವರಲ್ಲಿ ಕಾರಣ ಬೇರೆ. ಗಾಡಿ ಮೂಕಿ ಮೇಲೋ ಕಲ್ಲಿನ ಮೇಲೋ ಕಾಲು ಅಗಲಿಸಿ ಬಿದ್ದು ಪೆಟ್ಟಾಗಿದ್ದರೆ, ಹಳೇ ಸೋಂಕು ಇದ್ದರೆ, ಹಿಂದೆ ನಳಿಕೆ ಹಾಕಿದ್ದರೆ ನಾಳದ ಒಳಗೆ ಗಾಯ ಮಾಗಿ ಕಿರಿದಾಗಿರ್ತದೆ. ಇದಕ್ಕೆ ಮಾತ್ರೆ ಕೆಲಸ ಮಾಡೋದಿಲ್ಲ, ನಾಳ ಹಿಗ್ಗಿಸಬೇಕು ಇಲ್ಲವೇ ಆಪರೇಷನ್ ಮಾಡಬೇಕು. ಕಲ್ಲು ಅಡ್ಡ ಬಂದರೂ ಧಾರೆ ತಟ್ಟನೆ ನಿಲ್ತದೆ.

ಪಂಪು ಸೋಲೋದು ಸಕ್ಕರೆ ಕಾಯಿಲೆಯವರಲ್ಲಿ, ಬೆನ್ನುಮೂಳೆಯ ನರಕ್ಕೆ ಪೆಟ್ಟಾದವರಲ್ಲಿ. ಇವರಿಗೆ ಚೀಲ ತುಂಬಿದ್ದೇ ತಿಳಿಯೋದಿಲ್ಲ. ಹೆಂಗಸರಿಗೂ ಇದು ಬರ್ತದೆ. ಗರ್ಭಕೋಶ ಜಾರಿದ್ದರೂ ಅವರ ಧಾರೆ ಕಟ್ಟಬಹುದು.

ಇಲ್ಲಿ ಮುಖ್ಯವಾದ ಮಾತು ಒಂದಿದೆ. ಗೇಟ್‌ವಾಲ್ವ್ ಮುಚ್ಚಿ ಮೋಟಾರು ಓಡಿಸಿದರೆ ಏನಾಗ್ತದೆ? ಪೈಪು ಅದುಮಿದ್ದಾಗ ಮೂತ್ರಚೀಲ ವರ್ಷಗಟ್ಟಲೆ ತಿಣುಕಿ ತಿಣುಕಿ ಕೊನೆಗೆ ಸೋತು ಜೋಲುತ್ತದೆ. ಆಮೇಲೆ ಪೈಪು ಬಿಡಿಸಿದರೂ ಧಾರೆ ಮೊದಲಿನಂತಾಗೋದು ಕಷ್ಟ. ಉಳಿದ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಯೇ ಕೆಡಬಹುದು. ತಡ ಮಾಡಬಾರದು ಅನ್ನೋದು ಇದಕ್ಕೇ.

ನೆಗಡಿ ಮಾತ್ರೆ, ಬಾಳೆದಿಂಡು

ಮುಳಬಾಗಿಲು ಕಡೆಯ ನಮ್ಮ ನೆಂಟರೊಬ್ಬರು ರಾಗಿ ಒಕ್ಕಣೆ ಕಾಲದಲ್ಲಿ ನೆಗಡಿಯಾಯ್ತು ಅಂತ ಅಂಗಡಿ ಮಾತ್ರೆ ನುಂಗಿದರು. ಧಾರೆ ಮೊದಲೇ ಸಣ್ಣಗಿತ್ತು. ಸಾಯಂಕಾಲಕ್ಕೆ ಪೂರ್ತಿ ಬಂದ್. ಮನೆಯವರು ಬಾರ್ಲಿ ನೀರು, ಬಾಳೆದಿಂಡಿನ ರಸ ಕುಡಿಸಿದರು. ಹೊಕ್ಕಳ ಕೆಳಗೆ ಮಡಕೆ ಇಟ್ಟ ಹಾಗೆ ಊದಿಕೊಂಡು ಮನುಷ್ಯ ಒದ್ದಾಡಿಬಿಟ್ಟರು. ರಾತ್ರಿ ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಮೇಲೆ ಜೀವ ಬಂತು.

ನೆಗಡಿಯ ಕೆಲವು ಮಾತ್ರೆಗಳು ಮೂತ್ರಚೀಲದ ಬಾಯನ್ನು ಬಿಗಿ ಮಾಡ್ತವೆ. ಧಾರೆ ಸಣ್ಣಗಿರುವವರು ಡಾಕ್ಟರಿಗೆ ಹೇಳದೆ ತಗೋಬಾರದು. ಇನ್ನು ಬಾಳೆದಿಂಡು, ನೆಗ್ಗಿಲು, ಬಾರ್ಲಿ ಕುಡಿಸೋದು ಮೂತ್ರ ಬರಲಿ ಅಂತ. ಬಾಗಿಲು ಮುಚ್ಚಿದಾಗ ಒಳಗೆ ನೀರು ತುಂಬಿಸಿದರೆ ನೋವು ಹೆಚ್ಚುತ್ತದೆ ಅಷ್ಟೆ.

ಆಸ್ಪತ್ರೆಯಲ್ಲಿ ಏನು ಮಾಡ್ತಾರೆ?

ಮೂತ್ರ, ರಕ್ತ, ಸಕ್ಕರೆ ನೋಡ್ತಾರೆ. ಗುದದ್ವಾರದಲ್ಲಿ ಬೆರಳಿಟ್ಟು ಗ್ರಂಥಿ ಮುಟ್ಟಿ ನೋಡ್ತಾರೆ. ಒಂದು ನಿಮಿಷದ ಕೆಲಸ, ನಾಚಿಕೆ ಬೇಡ. ಸ್ಕ್ಯಾನಿಂಗ್‌ನಲ್ಲಿ ಗ್ರಂಥಿಯ ಗಾತ್ರ, ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಉಳಿಯೋದು ಎಷ್ಟು ಅಂತ ಗೊತ್ತಾಗ್ತದೆ. ಧಾರೆ ಅಳೆಯೋ ಯಂತ್ರವೂ ಇದೆ. ಜೋರಾಗಿ ಬರುವಾಗ ಸೆಕೆಂಡಿಗೆ 15 ಮಿ.ಲೀ. ಮೇಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಕಮ್ಮಿಯಾದರೆ ಅಡ್ಡಿ ಇರಬಹುದು, ಇಲ್ಲವೇ ಚೀಲ ಸೋತಿರಬಹುದು.

ಔಷಧಿಯಲ್ಲಿ ಎರಡು ಬಗೆ. ಟ್ಯಾಮ್ಸುಲೋಸಿನ್ ಅನ್ನೋದು ಬಾಗಿಲಿನ ಬಿಗಿ ಸಡಿಲಿಸ್ತದೆ, ಕೆಲವೇ ದಿನದಲ್ಲಿ ಗುಣ ಕಾಣ್ತದೆ. ತಲೆ ಸುತ್ತಬಹುದು, ಹಾಸಿಗೆಯಿಂದ ನಿಧಾನವಾಗಿ ಏಳಬೇಕು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆ ವಿಚಾರ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಫಿನಾಸ್ಟೆರೈಡ್ ಅನ್ನೋದು ಗ್ರಂಥಿಯನ್ನೇ ಕುಗ್ಗಿಸ್ತದೆ, ಗುಣ ಕಾಣೋಕೆ ಆರು ತಿಂಗಳು ಬೇಕಾಗಬಹುದು. ಪಕ್ಕದ ಮನೆಯವರ ಚೀಟಿ ನೋಡಿ ತಂದು ನುಂಗಬೇಡಿ.

ಮಾತ್ರೆಗೆ ಬಗ್ಗದಿದ್ದರೆ ಆಪರೇಷನ್. ಹೊಟ್ಟೆ ಕುಯ್ಯದೆ, ಮೂತ್ರದ ದಾರಿಯಿಂದಲೇ ಹೋಗಿ ಅಡ್ಡ ಬಂದ ಮಾಂಸ ಕೆತ್ತಿ ತೆಗೀತಾರೆ. ಕೆಲವು ದಿನ ನಳಿಕೆ ಇರ್ತದೆ. ಆಮೇಲೆ ನಾಲ್ಕರಿಂದ ಆರು ವಾರ 15 ಕಿಲೋ ಟೊಮೆಟೊ ಕ್ರೇಟು ಎತ್ತೋದು, ನೇಗಿಲು ಹಿಡಿಯೋದು ಬೇಡ. ಗಂಡಸ್ತನ ಹೋಗ್ತದೆ ಅನ್ನೋ ಹೆದರಿಕೆ ಬಹಳ ಜನಕ್ಕಿದೆ. ಹೆಚ್ಚಿನವರಿಗೆ ಹೋಗೋದಿಲ್ಲ. ವೀರ್ಯ ಮಾತ್ರ ಹೊರಗೆ ಬರದೆ ಚೀಲದೊಳಕ್ಕೆ ಹೋಗ್ತದೆ.

ಮೊದಲು ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಮುಂದಕ್ಕೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇವೆ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಬಿಪಿಎಲ್ ಕಾರ್ಡು, ಆಧಾರ್ ಜೊತೆಗಿರಲಿ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಈ ಚಿಕಿತ್ಸೆ ಬರ್ತದೋ ಅಂತ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಮಾಡೋದು

• ರಾತ್ರಿ ಏಳಬೇಕಾಗ್ತದೆ ಅಂತ ಹಗಲಲ್ಲೂ ನೀರು ಬಿಡಬೇಡಿ, ಕಲ್ಲಿಗೆ ಅದೇ ದಾರಿ. ಹಗಲು ಕುಡಿದು, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿ.
• ಸಂಜೆ ಕಾಫಿ, ಟೀ, ಹೆಂಡ ಬೇಡ.
• ಮಂಡಿಗೆ ಮಾಲು ಹಾಕಿಕೊಂಡು ಹೋಗುವಾಗ ಗಂಟೆಗಟ್ಟಲೆ ಕಟ್ಟಿಕೊಳ್ಳಬೇಡಿ.
• ಅವಸರ ಬೇಡ. ಒಂದು ಸಲ ಆದ ಮೇಲೆ ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಿ.
• ಮಲಬದ್ಧತೆ ಆಗದಂತೆ ಸೊಪ್ಪು, ಕಾಳು ತಿನ್ನಿ.
• ಮೂರು ದಿನ ಒಂದು ಅಳತೆ ಮಗ್‌ನಲ್ಲಿ ಹಿಡಿದು ಎಷ್ಟೊತ್ತಿಗೆ, ಎಷ್ಟು ಅಂತ ಬರೆದಿಡಿ. ಡಾಕ್ಟರಿಗೆ ಇದು ಬಹಳ ಅನುಕೂಲ.

ಮೂತ್ರ ಪೂರ್ತಿ ನಿಂತರೆ, ರಕ್ತ ಬಂದರೆ, ಚಳಿಜ್ವರದ ಜೊತೆ ಉರಿ ಇದ್ದರೆ, ಕಾಲು ಸೋತು ಮೂತ್ರವೂ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಸಿಕ್ಕಿದ ಗಾಡಿ ಹತ್ತಿ ಹೊರಡಿ.