ದೋಸೆ ಕಾವಲಿಯೂ ಗ್ಯಾಸ್ ಒಲೆಯೂ

ಶಾಲಾ ಮೇಳದ ದೊಡ್ಡ ದೋಸೆ ಕಾವಲಿಯ ಕೆಳಗೆ ಉರಿಯುವುದು ಎಲ್.ಪಿ.ಜಿ. ಇದು ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡುತ್ತದೆ; ಒಂದು ಕಿಡಿ ತಗುಲಿದರೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಒಲೆಯನ್ನು ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ಇಡಬೇಕು. ಸಿಲಿಂಡರ್ ನೆಟ್ಟಗೆ, ಒಲೆಯಿಂದ ದೂರ ನಿಂತಿರಲಿ. ಕೊಲ್ಲಿ ನಾಡಿನ ಬಿಸಿಲಲ್ಲಿ ಅದಕ್ಕೆ ನೆರಳೂ ಬೇಕು.

ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಹೊತ್ತಿಸುವಾಗ ಮೊದಲು ಕಡ್ಡಿ ಗೀರಿ, ನಂತರ ಗುಂಡಿ ತಿರುಗಿಸಿ. ಕಾವಲಿಯ ಅಡಿಯ ಉರಿ ಗಾಳಿಗೆ ಆರಿದರೂ ಗ್ಯಾಸ್ ಹರಿಯುತ್ತಿರಬಹುದು. ಆಗಾಗ ಬಗ್ಗಿ ನೋಡಿ.

ಮಕ್ಕಳೇ, ಎಲ್.ಪಿ.ಜಿ.ಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಆ ವಾಸನೆ ಬಂದರೆ ಸ್ವಿಚ್ ಮುಟ್ಟದೆ ದೂರ ಸರಿದು ದೊಡ್ಡವರನ್ನು ಕೂಗಿ. ದೋಸೆ ತಡವಾದರೂ ಚಿಂತೆಯಿಲ್ಲ.